ಸೋತವ್ನಿಗೆ ಬಾರಿಸಿದ ಗಂಟಿ

ಲಿಂಗಸುಗೂರು, ಮಸ್ಕಿ, ಸಿಂಧನೂರು, ಮೂರೂ ಸಂತ್ಯಾಗ ಎತ್ತಿನ ಗಂಟಿ ಮಾರಾವ ನಾ. ನನ್ನ ಗಂಟಿ ಯಾವ್ದಂತ ಕಣ್ಣು ಮುಚ್ಚಿ, ಸಪ್ಪಳ ಕೇಳಿ ಹೇಳ್ತೀನಿ. ಮೊನ್ನಿ ಮಸ್ಕಿ ಸಂತ್ಯಾಗ ಬ್ಯಾಂಕಿನ ಸಾಹೇಬ ಒಬ್ಬಾಂವ ಬಂದು ದೊಡ್ಡ ಗಂಟಿ ಕೇಳಿದ.

"ಎತ್ತು ಎಷ್ಟದಾವ್ರೀ?"

"ಎತ್ತಿಲ್ರೀ ಯಜ್ಜಾ. ರೇಸ್ ನೋಡ್ಕೊಂತ ಬಾರಿಸಾಕ ಬೇಕು."

"ಎತ್ತಿಲ್ದವ್ರಿಗೆ ನಾ ಗಂಟಿ ಕೊಡಂಗಿಲ್ಲ."

ಅಂವ ಫೋನ್ ತೋರ್ಸಿದ. ಹಿಮದ ಗುಡ್ಡ. ಕಾಲಿಗೆ ಉದ್ದನ ಹಲಗಿ ಕಟ್ಕೊಂಡು ಒಬ್ಬೊಬ್ರ ಮ್ಯಾಲಿಂದ ಜಾರಿ ಬರಾಕತ್ತಿದ್ರು. ಕೆಳಗ ನಿಂತ ಮಂದಿ ಕೈಯಾಗ ಗಂಟಿ, ಅದೂ ದನದ ಗಂಟಿ!

"ಇದು ಸ್ಕೀ ರೇಸ್ ರೀ. ಆಡೋರಿಗೆ ಹುರುಪು ತುಂಬಾಕ ಗಂಟಿ ಬಾರಿಸ್ತಾರ. ಈಗ ಬರಾವ ನಾ ಮೆಚ್ಚಿದ ಆಟಗಾರ. ಒಂದು ಕಾಲಕ್ಕ ಎಲ್ಲಾರ್ನೂ ಸೋಲಿಸ್ಯಾನ. ಕಾಲು ಮುರ್ಕೊಂಡಿದ್ದ, ಇವತ್ತು ಅವಂದು ಕಡೀ ರೇಸ್. ಲಗೂ ಕೊಡ್ರೀ."

"ಮಸ್ಕ್ಯಾಗ ಬಾರ್ಸಿದ್ರ ಅವ್ನಿಗೇನ್ ಕೇಳಸ್ತದ?"

"ನನಗ ಕೇಳಸ್ತದಲ್ರೀ."

ರೊಕ್ಕ ತಗದು ನನ್ನ ಮುಂದ ಇಟ್ಟ. ಕೊಟ್ಟೆ.

ಫೋನಿನ್ಯಾಗ ಆ ಆಟಗಾರ ಗುಡ್ಡದಿಂದ ಹೊಂಟ. ತಿರುವ್ನಾಗ ಜಾರಿ, ಇನ್ನೇನ್ ಬಿದ್ದ ಅನ್ನೂದ್ರಾಗ ಮತ್ತ ನೆಟ್ಟಗಾದ. "ಹುಷಾರ್ಲೇ ಮಗನ!" ಅಂತ ನಾನಾ ಒದರಿದೆ. ಕೆಳಗ ಮುಟ್ಟಿದಾಗ ಟೈಮಿನ್ಯಾಗ ಎಲ್ಲಾರಕಿಂತ ಹಿಂದಿದ್ದ. ಆದ್ರೂ ಅಲ್ಲಿ ಗಂಟಿ ನಿಲ್ಲಲಿಲ್ಲ, ಇನ್ನೂ ಜೋರಾದ್ವು. ಇಲ್ಲಿ ಸಾಹೇಬ ಕಣ್ಣು ಒರೆಸ್ಕೊಂತ ಬಾರಿಸಾಕತ್ತಿದ್ದ. ಸಂತಿ ಮಂದಿ ಎಲ್ಲಾ ನಮ್ಮನ್ನಾ ನೋಡಾಕತ್ತಿತ್ತು.

ಸೋತವ್ನಿಗೆ ಇಷ್ಟು ಮರ್ಯಾದಿ ಮಾಡೂದು ನಾ ಎಲ್ಲೂ ಕಂಡಿಲ್ಲ. ನಮ್ ಕಡಿ ಕಲ್ಲು ಎಳಿಯೋ ಪಂದ್ಯದಾಗ ಎತ್ತು ಸೋತ್ರ, ಮರುದಿನಾನ ಕೊಳ್ಳಾಗಿನ ಗಂಟಿ ಬಿಚ್ಕೊಂಡು ನನ್ನ ಹತ್ರ ಬರ್ತಾರ: "ನಿನ್ನ ಗಂಟಿ ಅಪಶಕುನ, ಬದಲಿ ಕೊಡು."