ಹೊಳೆ ದಾಟಿಸುವ ಗುರುವಪ್ಪ

ಪಡೀಲಿನ ಸ್ಟ್ಯಾಂಡಿನಲ್ಲಿ ನಿಲ್ಲುವ ಗುರುವಪ್ಪನ ರಿಕ್ಷಾದ ಸೀಟಿನಡಿ ಯಾವಾಗಲೂ ಒಂದು ಗೋಣಿ ಇರುತ್ತಿತ್ತು. ಅಕ್ಕಿಯದ್ದಲ್ಲ, ಹಿಂಡಿಯದ್ದಲ್ಲ, ನಾಯಿಯದ್ದು. ಯಾರ ಮನೆಯಲ್ಲಿ ನಾಯಿ ಬೇಡವಾಯಿತೋ ಅವರು ಗುರುವಪ್ಪನಿಗೆ ಫೋನು ಮಾಡುತ್ತಿದ್ದರು. ಕೋಳಿಯ ರುಚಿ ಹತ್ತಿದ ನಾಯಿ, ಕಜ್ಜಿ ನಾಯಿ, ಹೆಣ್ಣು ಮರಿ, ಮುದಿ ನಾಯಿ, ಎಲ್ಲವೂ ಆ ಒಂದೇ ಗೋಣಿಯೊಳಗೆ ಕೂತು ನೇತ್ರಾವತಿಯ ಆಚೆ ದಡ ಸೇರಿವೆ.

ನಮ್ಮಲ್ಲಿ ಇದಕ್ಕೆ ಹೊಳೆ ದಾಟಿಸುವುದು ಎನ್ನುತ್ತಾರೆ. ಕೊಂದರೆ ಪಾಪ, ಇಟ್ಟುಕೊಂಡರೆ ಕಷ್ಟ. ಬುದ್ಧಿವಂತರು ನಡುವೆ ಹುಡುಕಿದ ದಾರಿ ಇದು. ಅದಕ್ಕೊಂದು ಕ್ರಮವೂ ಉಂಟು. ಹೊರಡುವ ಮೊದಲು ಮೀನಿನ ಸಾರು ಹಾಕಿ ಅನ್ನ ಕೊಡಬೇಕು. ದಾರಿ ಕಾಣದ ಹಾಗೆ ಗೋಣಿಯ ಬಾಯಿ ಕಟ್ಟಬೇಕು. ಹೆಸರು ಹಿಡಿದು ಕರೆಯಬಾರದು. ಬಿಟ್ಟ ಮೇಲೆ ತಿರುಗಿ ನೋಡಬಾರದು. ನೀರು ದಾಟಿದ ನಾಯಿಗೆ ಮನೆಯ ವಾಸನೆ ಕಡಿದುಹೋಗುತ್ತದೆ, ಅದು ಮರಳಿ ಬರುವುದಿಲ್ಲ ಎಂದು ಹಿರಿಯರು ಹೇಳಿದ್ದರು. ಹಿಂದೆಲ್ಲ ಗುರುವಪ್ಪ ಅಡ್ಯಾರಿನಿಂದ ದೋಣಿಯಲ್ಲಿ ಗೋಣಿ ಒಯ್ಯುತ್ತಿದ್ದ. ಹರೇಕಳಕ್ಕೆ ಸೇತುವೆ ಆದ ಮೇಲೆ ರಿಕ್ಷಾದಲ್ಲೇ ಹೋಗಿ ಬರಲು ಸುರುಮಾಡಿದ. ಅಂಗಿಗೆ ಕೆಸರು ತಾಗದೆ ಕೆಲಸ ಆಗುತ್ತಿತ್ತು.

ಈಚೆಗೆ ಪಡೀಲಿನಲ್ಲಿ ಅಂಗಳ ಕಡಿಮೆಯಾಗಿ ಲಿಫ್ಟು ಹೆಚ್ಚಾಗಿದೆ. ಅಂಗಳ ಹೋದ ಮೇಲೆ ನಾಯಿ ಸೋಫಾ ಹತ್ತಿತು. ಹತ್ತಿದ್ದು ಅದರ ತಪ್ಪಲ್ಲ, ಹತ್ತಿಸಿದವರಿಗೇ ಅದು ಬೇಕಿತ್ತು. ಸ್ಟ್ಯಾಂಡಿನ ಮೇಲಿನ ಏರಿನಲ್ಲಿರುವ ಫ್ಲ್ಯಾಟಿನ ನಿರೀಕ್ಷಾ ಕೆನೆಬಣ್ಣದ ಲ್ಯಾಬ್ರಡಾರ್ ಸಾಕಿದ್ದಳು. ಲಿಯೋ ಎಂದು ಹೆಸರು. ಅದಕ್ಕೆ ಹುಟ್ಟುಹಬ್ಬ ಮಾಡಿ, ಟೋಪಿ ಹಾಕಿಸಿ, ಫೋಟೋ ತೆಗೆಸಿ ಊರಿಗೆಲ್ಲ ಕಳಿಸಿದವಳು. ಅದಕ್ಕೆ ಮುಪ್ಪು ಬಂದಾಗ ಅವಳೂ ಗುರುವಪ್ಪನನ್ನೇ ಕರೆದಳು.

“ನಾವು ಡಾಗ್ ಪೀಪಲ್ ಅಂಕಲ್. ನನಗೆ ಇವನು ಮಗನ ಹಾಗೆ.”

“ಮಗನಿಗೆ ಎಂತ ಆಯ್ತು?”

“ಒಳಗೇ ಉಚ್ಚೆ ಹೊಯ್ತಾನೆ. ಹಿಂದಿನ ಕಾಲಿಗೆ ಬಲ ಇಲ್ಲ. ನನಗೆ ನೋಡ್ಲಿಕ್ಕೆ ಆಗುವುದಿಲ್ಲ.”

“ನೋಡ್ಲಿಕ್ಕೆ ಆಗದಿದ್ದರೆ ಒಳಗೆ ಹೋಗಿ ಅಕ್ಕ. ನಾನು ಕಟ್ತೇನೆ.”

ಅವಳು ಒಳಗೆ ಹೋಗಿ ನಿಜವಾಗಿಯೇ ಅತ್ತಳು. ಅತ್ತ ಕಣ್ಣಲ್ಲೇ ಲಿಯೋ ತೀರಿಕೊಂಡಿತೆಂದು ಫ್ಲ್ಯಾಟಿನ ಎಲ್ಲರಿಗೂ ಮೆಸೇಜು ಹಾಕಿದಳು. ಎಲ್ಲರೂ ಕೈ ಮುಗಿದ ಚಿತ್ರ ಕಳಿಸಿದರು.

ಗುರುವಪ್ಪ ಹೊಳೆಯಾಚೆ ಒಂದು ಮೈದಾನದ ಬದಿಯಲ್ಲಿ ಗೋಣಿ ಬಿಚ್ಚಿದ. ಊರ ನಾಯಿಯಾದರೆ ಬಿಚ್ಚಿದ ಕೂಡಲೇ ಪೊದೆಗೆ ನುಗ್ಗುತ್ತದೆ. ಇದಕ್ಕೆ ಪೊದೆಯೆಂದರೆ ಏನೆಂದೇ ಗೊತ್ತಿಲ್ಲ. ರಿಕ್ಷಾ ಹೊರಟದ್ದೇ ಹಿಂದೆ ಓಡತೊಡಗಿತು. ತಿರುಗಿ ನೋಡಬಾರದೆಂಬ ಕ್ರಮ ಮನುಷ್ಯನ ಕತ್ತಿಗೆ ಮಾತ್ರ. ರಿಕ್ಷಾದ ಕನ್ನಡಿಗೆ ಅದು ಅನ್ವಯಿಸುವುದಿಲ್ಲ. ಮುಂದಿನ ಕಾಲಲ್ಲಿ ಓಡಿ, ಹಿಂದಿನದನ್ನು ಎಳೆದು, ಬಿದ್ದು, ಎದ್ದು ಬರುತ್ತಿದ್ದ ನಾಯಿಯನ್ನು ಗುರುವಪ್ಪ ಕನ್ನಡಿಯಲ್ಲಿ ಕಂಡ. ಬ್ರೇಕು ಒತ್ತಿದ. ಅದು ಹೇಗೋ ಸೀಟಿಗೆ ಹತ್ತಿ ಬಾಡಿಗೆ ಗೊತ್ತುಮಾಡಿದವರ ಹಾಗೆ ಕೂತಿತು.

ಮನೆಯಲ್ಲಿ ಬೀಡಿ ಕಟ್ಟುತ್ತಿದ್ದ ಹೆಂಡತಿ ಜಯ ತಲೆ ಎತ್ತಿದಳು. “ಊರಿನ ನಾಯಿಯೆಲ್ಲ ಹೊಳೆಗೆ, ಇದೊಂದು ನನ್ನ ತಲೆಗಾ?”

“ಇರ್ಲಿ ಮಾರಾಯ್ತಿ. ಅದಕ್ಕೆ ನನ್ನನ್ನು ಬಿಟ್ಟಿರ್ಲಿಕ್ಕೆ ಆಗುವುದಿಲ್ಲ.”

ಮನುಷ್ಯ ನಾಯಿಯವನಾಗುವುದು ಹೀಗೆ. ಒಂದು ಜೀವ ನಮ್ಮ ಹಿಂದೆ ಓಡಿ ಬಂದರೆ ಸಾಕು, ನಮಗಾಗಿಯೇ ಓಡಿತು ಎಂದುಕೊಳ್ಳುತ್ತೇವೆ. ದಾರಿ ಗೊತ್ತಿಲ್ಲದೆ ಓಡಿದ್ದೂ ಇರಬಹುದು. ಆದರೆ ಗುರುವಪ್ಪನ ಹಿಂದೆ ಹುಟ್ಟಿದಾಗಿನಿಂದ ಯಾರೂ ಓಡಿದವರಿಲ್ಲ. ಒಣಗಿದ ತೆಂಗಿನ ಮಡಲಿಗೆ ಬೆಂಕಿ ತಾಗಿದ ಹಾಗೆ ಅವನಿಗೆ ಹತ್ತಿಕೊಂಡಿತು. ಲಿಯೋ ಹೋಗಿ ಬೊಳ್ಳು ಎಂದಾಯಿತು. ಅದೇ ಗೋಣಿಯನ್ನು ಒಗೆದು ಜಗಲಿಯಲ್ಲಿ ಹಾಸಿಕೊಟ್ಟ. ನಾಯಿ ಅದರ ಮೇಲೆ ಮಲಗಲು ಕಲಿಯಿತು. ಬೂತಾಯಿ ಮೀನಿನ ಮುಳ್ಳು ಬಿಡಿಸಿ, ಅನ್ನಕ್ಕೆ ಕಲಸಿ, ಬಾಯಿಗೆ ಹಿಡಿದ. ಜ್ವರ ಬಂದಾಗ ಜಯಳಿಗೆ ಒಂದು ಲೋಟ ಗಂಜಿ ಬಗ್ಗಿಸಿ ಕೊಟ್ಟವನಲ್ಲ.

ಹೊಳೆಯ ಬಾಡಿಗೆಯನ್ನೂ ಬಿಟ್ಟ. ಕರೆದವರಿಗೆ ಫೋನಿನಲ್ಲೇ ಉಪದೇಶ. “ಬಾಯಿ ಬಾರದ ಪ್ರಾಣಿ ಅಕ್ಕ. ನಾನು ಮೊದಲಿಂದಲೂ ನಾಯಿಯವ.”

ಪಕ್ಕದ ರಿಕ್ಷಾದ ಬದ್ರುದ್ದೀನ್ ಕೇಳಿಸಿಕೊಂಡು ಬೀಡಿ ಹಚ್ಚಿದ. “ಹೌದು ಹೌದು. ಹೊಳೆ ಆಚೆ ಹೋಗಿ ಕೇಳಿದ್ರೆ ಸಾಕ್ಷಿ ತುಂಬ ಸಿಗ್ತದೆ.”

ಗುರುವಪ್ಪನಿಗೆ ತೋರಿಸಿಕೊಳ್ಳುವ ಆಸೆ. ಒಂದು ಬೆಳಿಗ್ಗೆ ಬೊಳ್ಳುವನ್ನು ಮೀಯಿಸಿ, ರಿಕ್ಷಾದಲ್ಲಿ ಕೂರಿಸಿ ಸ್ಟ್ಯಾಂಡಿಗೆ ತಂದ. ಅದೇ ಹೊತ್ತಿಗೆ ನಿರೀಕ್ಷಾ ಹತ್ತಿಯ ಉಂಡೆಯಂಥ ಹೊಸ ಮರಿಯೊಂದನ್ನು ಎತ್ತಿಕೊಂಡು ಏರು ಇಳಿದು ಬಂದಳು. ಜೊತೆಗೆ ಪಕ್ಕದ ಫ್ಲ್ಯಾಟಿನ ಅನುಷ್ಕಾ. ಬೊಳ್ಳು ಒಮ್ಮೆ ಮೂಗೆತ್ತಿತು. ಇಳಿಯಲಾಗದ ಸೀಟಿನಿಂದ ಹಾರಿ, ಮುಖ ಅಡಿಯಾಗಿ ಬಿದ್ದು, ಎದ್ದು ಅವಳ ಕಾಲಿಗೆ ಹೋಗಿ ಸುತ್ತಿಕೊಂಡಿತು. ಬಾಲದ ಹೊಡೆತಕ್ಕೆ ಮೈಯೇ ಅಲ್ಲಾಡುತ್ತಿತ್ತು.

“ನಿಮ್ಮ ಲಿಯೋನ ಹಾಗೇ ಉಂಟಲ್ಲ ನಿರೀಕ್ಷಾ,” ಎಂದಳು ಅನುಷ್ಕಾ.

“ಲ್ಯಾಬ್ ಎಲ್ಲ ಒಂದೇ ಹಾಗೆ ಕಾಣ್ತದೆ. ಇದು ನಮ್ಮದಲ್ಲ.” ನಿರೀಕ್ಷಾ ಕೊಡೆಯ ತುದಿಯಿಂದ ಅದರ ಎದೆಯನ್ನು ನೂಕಿದಳು. ಅದು ಕೊಡೆಯನ್ನೂ ನೆಕ್ಕಿತು.

“ಬೊಳ್ಳು, ಬಲ. ಬಾ ಇಲ್ಲಿ,” ಎಂದು ಗುರುವಪ್ಪ ಕರೆದ. ಅದು ಕಿವಿಯನ್ನೂ ತಿರುಗಿಸಲಿಲ್ಲ. ರಿಕ್ಷಾದವರೆಲ್ಲ ನೋಡುತ್ತಿದ್ದರು.

ಅಂದಿನಿಂದ ಬೊಳ್ಳು ಬೆಳಗಾದರೆ ಕಾಲೆಳೆಯುತ್ತ ಏರು ಹತ್ತಿ ಫ್ಲ್ಯಾಟಿನ ಗೇಟಿನೆದುರು ಕೂರುವುದು, ವಾಚ್‌ಮನ್ ಕಲ್ಲೆಸೆಯುವುದು, ಹೊಟ್ಟೆ ಹಸಿದಾಗ ಗುರುವಪ್ಪನ ಜಗಲಿಗೆ ಇಳಿಯುವುದು. ಕಟ್ಟಿಹಾಕಿದರೆ ಅನ್ನ ಮುಟ್ಟದು. ಬಂಗುಡೆ ಮೀನು ಹಾಕಿದ, ಕೋಳಿ ಹಾಕಿದ. ತಿಂದು ಮುಗಿದ ಕೂಡಲೇ ಅದರ ಮೂಗು ಏರಿನ ಕಡೆಗೆ.

“ಗುರುವಣ್ಣ, ಅನ್ನ ನಿಮ್ಮದು, ಬಾಲ ಅವರದ್ದು,” ಎಂದ ಬದ್ರುದ್ದೀನ್. ಸ್ಟ್ಯಾಂಡಿಗೆ ಸ್ಟ್ಯಾಂಡೇ ನಕ್ಕಿತು.

ನಿರೀಕ್ಷಾ ಫೋನು ಮಾಡಿ, ಇನ್ನೊಮ್ಮೆ ಒಯ್ದು ಬಿಡಿ ಎಂದು ಅಂಗಲಾಚಿದಾಗ ಗುರುವಪ್ಪ ಫೋನು ಕಡಿದಿದ್ದ. ಅವಳ ಮಾತಿಗೆ ಬಗ್ಗದವನು ಸ್ಟ್ಯಾಂಡಿನ ನಗೆಗೆ ಮುರಿದ. ಮರುದಿನ ನಾಯಿಯ ತಟ್ಟೆಗೆ ಮೀನಿನ ಸಾರು ಬಗ್ಗಿಸುವುದನ್ನು ಕಂಡು ಜಯ ಬೀಡಿ ಎಲೆಯ ಗೆರಸಿಯನ್ನು ಮಡಿಲಿನಿಂದ ಕೆಳಗಿಟ್ಟಳು.

“ಎಂತ, ಇವತ್ತು ಸಾರು?”

“ಕಂಡವರ ಗೇಟು ಕಾಯುವುದಕ್ಕೆ ನಾನು ಸಾಕ್ಬೇಕಾ?”

“ಅದು ನಾಯಿ. ಅದಕ್ಕೆ ಬುದ್ಧಿ ಇಲ್ಲ. ನಿಮಗೆ ಎಂತ ರೋಗ?”

ಅವನು ಗೋಣಿಯನ್ನು ನೆಲದಿಂದೆತ್ತಿ ಬಾಯಿ ಅಗಲಿಸಿ ಹಿಡಿದ. ಬೇರೆ ನಾಯಿಗಳನ್ನು ಅದರೊಳಗೆ ತುಂಬಬೇಕಾದರೆ ಮೊಣಕೈ ತನಕ ಪರಚಿಸಿಕೊಳ್ಳಬೇಕಿತ್ತು. ಬೊಳ್ಳು ತಾನಾಗಿ ಒಳಗೆ ನಡೆದು, ಒಂದು ಸುತ್ತು ಹಾಕಿ ಮಲಗಿತು. ಅದಕ್ಕೆ ಅದು ಹಾಸಿಗೆ. ಗುರುವಪ್ಪ ಬಾಯಿ ಕಟ್ಟಿದ.

ಹೊಳೆಯಾಚೆ ಮೊದಲಿಗಿಂತ ದೂರ ಹೋಗಿ ನಾಯಿಯನ್ನು ಕೊಡವಿ, ಗೋಣಿಯನ್ನು ವಾಪಸು ತಂದ. ಹೊರಡುವ ಮೊದಲು ಕನ್ನಡಿಯನ್ನು ಆಕಾಶಕ್ಕೆ ತಿರುಗಿಸಿದ್ದ. ಅದು ಓಡಿತೋ, ಕೂತಿತೋ ಅವನಿಗೆ ತಿಳಿಯದು.

ನಾಲ್ಕಾರು ದಿನ ಕಳೆದಿರಬೇಕು. ಸ್ಟ್ಯಾಂಡಿನಲ್ಲಿ ಬದ್ರುದ್ದೀನ್ ಮೆಲ್ಲಗೆ ಗುರುವಪ್ಪನ ತೋಳು ತಟ್ಟಿದ. ಅಡ್ಯಾರಿನ ಕಡೆಯಿಂದ ಹೆದ್ದಾರಿಯ ಅಂಚು ಹಿಡಿದು ಬೊಳ್ಳು ಬರುತ್ತಿತ್ತು. ಹಿಂದಿನ ಪಾದದ ಚರ್ಮ ಸವೆದು ಕೆಂಪು ಕಾಣುತ್ತಿತ್ತು. ಒಂದು ಕಿವಿಯನ್ನು ಬೇರೆ ನಾಯಿಗಳು ಹರಿದಿದ್ದವು.

“ನೀರು ದಾಟಿದ್ರೆ ಬರುವುದಿಲ್ಲ ಹೇಳ್ತೀರಲ್ಲ?”

“ಬರುವುದಿಲ್ಲ. ಹಿರಿಯರು ಹೇಳಿದ್ದು.”

“ನಿಮ್ಮ ಹಿರಿಯರ ಕಾಲದಲ್ಲಿ ದೋಣಿ ಮಾರಾಯ್ರೆ. ಈಗ ಸೇತುವೆ ಉಂಟಲ್ಲ. ನಾಯಿ ನಡೆದ್ರೆ ಬೇಡ ಹೇಳುವವರು ಯಾರು?”

ಗುರುವಪ್ಪನಿಗೆ ಅದು ಕೇಳಿಸಲಿಲ್ಲ. ಎದ್ದು ರಸ್ತೆಯ ಬದಿಗೆ ಬಂದಿದ್ದ. ಇಷ್ಟು ದೂರ ಹುಡುಕಿ ಬಂದದ್ದು ಯಾರನ್ನು ಎಂದು ತಿಳಿಯಬೇಕಿತ್ತು. “ಬೊಳ್ಳು,” ಎಂದ. ಅದು ರಿಕ್ಷಾಗಳ ಸಾಲನ್ನು ದಾಟಿ ಏರಿನ ಕಡೆ ತಿರುಗಿತು. “ಬೊಳ್ಳು, ಬಲ ಮಗಾ.” ನಡೆಯುತ್ತಲೇ ಇತ್ತು.

ಆಗ ಗುರುವಪ್ಪ ಒಮ್ಮೆಯೂ ಬಾಯಿಗೆ ತರದಿದ್ದ ಹೆಸರನ್ನು ತಂದ. “ಲಿಯೋ.”

ನಾಯಿ ಗಕ್ಕನೆ ನಿಂತಿತು. ಬಾಲ ಎದ್ದಿತು. ತಿರುಗಿ ನೋಡಿತು. ಕರೆದವನು ಯಾರೆಂದು ಕಂಡ ಮೇಲೆ ಬಾಲವನ್ನು ಇಳಿಸಿ, ಸವೆದ ಕಾಲನ್ನು ಎಳೆದುಕೊಂಡು ಏರು ಹತ್ತಿತು. ಸ್ವಲ್ಪ ಹೊತ್ತಿಗೆ ಗೇಟಿನ ಕಬ್ಬಿಣಕ್ಕೆ ಕಲ್ಲು ತಾಗಿದ ಸದ್ದು, ಅದರ ಹಿಂದೆ ನಾಯಿಯ ಕೂಗು ಸ್ಟ್ಯಾಂಡಿಗೆ ಕೇಳಿಸಿತು. ಈ ಸಲ ಯಾರೂ ನಗಲಿಲ್ಲ.

ಗುರುವಪ್ಪ ಗೋಣಿಯನ್ನು ಹೊರಗೆಳೆದು, ಅದಕ್ಕೆ ಅಂಟಿದ್ದ ಕೆನೆಬಣ್ಣದ ಕೂದಲನ್ನು ರಸ್ತೆಗೆ ಕೊಡವಿ ಮಡಚುತ್ತಿದ್ದಾಗ ಫೋನು ಬಂತು. ಕಾಟಿಪಳ್ಳದ ಒಬ್ಬಳು ಹೆಂಗಸು. ನಾಯಿಗೆ ವಯಸ್ಸಾಗಿದೆ, ನಮಗೆ ನಾಯಿಯೆಂದರೆ ಜೀವ, ಆದರೆ ಮನೆಯಲ್ಲಿ ತೊಂದರೆ ಎಂದು ಸುತ್ತಿ ಬಳಸಿ ಹೇಳಿದಳು.

“ಬರ್ತೇನೆ ಅಕ್ಕ,” ಎಂದ ಗುರುವಪ್ಪ. “ಹೊಳೆ ಈಗ ಪ್ರಯೋಜನ ಇಲ್ಲ. ಘಟ್ಟ ಹತ್ತಿಸಿ ಬಿಡುವ. ಸಾರು ನೀವೇ ಹಾಕಿ ಇಡಿ.”