ಸೊಸೆಗೆ ಕಟ್ಟಿದ ಮುದ್ದೆ

ಈ ಕತೆ ಬರ್ಕೋ ಚೈತ್ರ, ನಿಧಾನಕ್ಕೆ ಏಳ್ತೀನಿ. ನನ್ ಸೊಸೆ, ನಿಮ್ಮವ್ವ ಸರ್ವಮಂಗಳ, ಹಾರನಹಳ್ಳಿಗೆ ಬಂದಾಗ ಕಡ್ಡಿ ಅಂಗಿದ್ಲು. ಎರಡು ಕೊಡ ಒಟ್ಗೇ ಒತ್ಕೊಂಡು ಬರೋಳು. ಹೊಗೆಸೊಪ್ಪು ಒಣಗ್ಸೋ ನಮ್ಮ ಬ್ಯಾರನ್‌ಗೆ ಸೌದೆ ಒಡ್ಡಕ್ಕೂ ಅವ್ಳೇ. ಅದಿರ್ಲಿ, ಮಂಡಿ ವಿಷ್ಯ ಏಳ್ಬೇಕು.

ಐವತ್ತು ವರ್ಸ ದಾಟೋ ಒತ್ಗೆ ತೊಂಬತ್ತು ಕೆಜಿ ಆದ್ಲು, ಎರಡು ಮಂಡೀನೂ ಸವ್ದೋದ್ವು. "ಆಪರೇಸನ್ ಮಾಡ್ತೀನಮ್ಮ, ಎಪ್ಪತ್ತೈದಕ್ಕೆ ಇಳ್ಕೊಂಡು ಬನ್ನಿ" ಅಂದ್ರು ಡಾಕ್ಟ್ರು.

ಎರಡು ಮುದ್ದೆ ಉಣ್ತಿದ್ದೋಳು ಒಂದಕ್ಕೆ ಬಂದ್ಲು. ಕಾಪಿಗೆ ಸಕ್ರೆ ಬುಟ್ಲು. ಆರು ತಿಂಗ್ಳಿಗೆ ಎಂಬತ್ತೆರಡು. ಕೆನ್ನೆ ಒಳಕ್ಕೋಯ್ತು, ಬಳೆ ಸಡ್ಲ ಆದ್ವು. ನಂಗೆ ನೋಡಕ್ಕಾಗ್ನಿಲ್ಲ. ಸೊರಗ್ದೋರ್ಗೆ ಜಾಸ್ತಿ ಇಕ್ಬೇಕು ಅಂತಲ್ವಾ ನಾವು ಕಲ್ತಿದ್ದು? ಅವ್ಳಿಗೆ ಮಂಡಿ ಓದಾಗಿಂದ ಮುದ್ದೆ ಕಟ್ಟೋಳು ನಾನೆ. ದಿನಾ ಅವ್ಳದ್ನ ಒಂಚೂರು ದಪ್ಪ ಕಟ್ದೆ. ಗಂಗಳಕ್ಕೆ ಆಕಿದ್ದ ಬುಡಬಾರ್ದು ಅಂತ ಅವ್ಳೂ ಉಂಡ್ಲು.

ತೂಕ ನಿಂತೋಯ್ತು. ಮೂರು ತಿಂಗ್ಳೂ ಎಂಬತ್ತೆರಡೇ. ಸೋಮವಾರ ಮಾತ್ರ ಒಂದೊತ್ತು ಇದ್ದೋಳು ಗುರುವಾರ, ಶನಿವಾರಾನೂ ಉಪಾಸ ಕೂತ್ಲು. ಒಂದಿನ ಬ್ಯಾರನ್ ಮುಂದೆ ಒಣಗ್ಸಕ್ಕೆ ಕಡ್ಡಿಗೆ ಹೊಗೆಸೊಪ್ಪು ಕಟ್ತಾ ಕಣ್ಣು ಕತ್ಲೆ ಬಂದು ಬಿದ್ಲು.

ಆಸ್ಪತ್ರೆಗೆ ಸೇರ್ಸಿದ್ವಿ. ಅಲ್ಲಿನ ನರ್ಸಮ್ಮ ಪೂಜಾ ಎಲ್ಲಾ ಕೇಳ್ಕೊಂಡು, "ಅಜ್ಜಿ, ದೊಡ್ಡ ಬ್ಯಾರನ್‌ಗೆ ಆಕೋಷ್ಟು ಸೌದೆ ಚಿಕ್ಕದಕ್ಕೂ ಬೇಕಾ?" ಅಂದ್ಲು.

"ಯಾಕ್ ಬೇಕು? ಸೊಪ್ಪು ಸುಟ್ಟೋಯ್ತದೆ."

"ಮೈಯೂ ಅಂಗೇ ಅಜ್ಜಿ. ತೊಂಬತ್ತು ಕೆಜಿ ಮೈ ಕೇಳ್ತಿದ್ದಷ್ಟು ಎಂಬತ್ತೆರಡು ಕೇಳಲ್ಲ. ಮೊದ್ಲು ತೂಕ ಇಳ್ಸಿದ ಊಟ ಈಗ ಇದ್ದಂಗೇ ಇರಕ್ಕೆ ಸಾಕಾಯ್ತದೆ. ಇಳಿದಂಗೆಲ್ಲ ಒಂಚೂರು ಕಮ್ಮಿ ಮಾಡ್ಬೇಕು. ಉಪಾಸ ಮಾತ್ರ ಬ್ಯಾಡ. ಕಾಳು, ಸೊಪ್ಪು ಚೆನ್ನಾಗಿ ಉಣ್ಲಿ."

ನಾನು ಬಾಯಿ ಬುಟ್ಟೆ. "ಕಮ್ಮಿ ಎಲ್ಬಂತು? ನಾನು ದಪ್ಪ ಕಟ್ತಿದ್ದೆ ಕಣವ್ವ."

"ನಂಗೊಂದಿನಾನೂ ದಪ್ಪ ಕಟ್ನಿಲ್ವಲ್ಲವ್ವ ನೀನು!" ಅಂದ ನನ್ಮಗ ರುದ್ರಸ್ವಾಮಿ, ನಿಮ್ಮಪ್ಪ. ಯಾರೂ ನಗ್ಲಿಲ್ಲ.

ಸರ್ವಮಂಗಳ ಮಲಗಿದ್ದಲ್ಲಿಂದ್ಲೇ, "ಗೊತ್ತಾಗಿತ್ತು ಅತ್ತೆ. ಬ್ಯಾಡ ಅನ್ನಕ್ಕೆ ಮನಸ್ ಬರ್ನಿಲ್ಲ" ಅಂದ್ಲು.

ಮಾರ್ನೆ ದಿನ ಚಿಕ್ಕದು ಕಟ್ದೆ. ಕೈ ಒಪ್ನಿಲ್ಲ ಕಣವ್ವ. ಸೊಸೇಗೆ ಕಮ್ಮಿ ಇಕ್ಕೋ ಅತ್ತೆ ಅನ್ನಿಸ್ಕೊಂಡಂಗಾಯ್ತು. ಕಾಳಿನ ಸಾರು ಮಾತ್ರ ಸೌಟು ತುಂಬ ಬುಟ್ಟೆ. ಐದು ಕೆಜಿ ಇಳಿದ್ಮೇಲೆ ಇನ್ನೂ ಚಿಕ್ಕದು. ಅವತ್ತು ಕಣ್ಣಲ್ಲಿ ನೀರು ಬಂತು. ಅವ್ಳು ಕಂಡೂ ಕಾಣ್ದಂಗೆ ಉಂಡ್ಲು.

ಓದ್ವಾರ ತೂಕದ ಮಿಸೀನು ಎಪ್ಪತ್ತೈದು ತೋರಿಸ್ತು. ಡಾಕ್ಟ್ರು ಆಪರೇಸನ್‌ಗೆ ತಾರೀಕು ಕೊಟ್ಟವ್ರೆ. "ಕಾಲು ಸರಿಯಾದ್ಮೇಲೆ ಮುದ್ದೆ ನಾನೇ ಕಟ್ತೀನಿ ಬುಡಿ ಅತ್ತೆ" ಅಂದವ್ಳೆ.

ಕಟ್ಲಿ. ನನ್ ಕೈಗೂ ನೆಮ್ಮದಿ.