ಬೋರಲು ಹಾಕಿದ ಬಟ್ಟಲು

ನಮ್ಮ ಕಣಿವೆಯಲ್ಲಿ ಹಿರಿಯರು ಬಾಯಿಬಿಟ್ಟ ಮೇಲೆ ಕಿರಿಯರು ತಲೆಯಾಡಿಸಬೇಕು. ಮದುವೆ ಮಾತುಕತೆಗೆ ಅದು ಚೆಂದ. ಹಿಮಕ್ಕೆ ಹಿರಿಯರು ಕಿರಿಯರು ಅಂತ ಗೊತ್ತಿಲ್ಲ.

ತುರ್ದಕುನ್ ಬೈಕೆ (ನಮ್ಮಲ್ಲಿ ಬೈಕೆ ಅಂದರೆ ಅಣ್ಣ), ಘಾಟಿಯ ಹಿಮ ನೋಡುವ ಠಾಣೆಯಲ್ಲಿ ಮೂವತ್ತು ವರ್ಷ ನಮಗೆಲ್ಲ ದೊಡ್ಡಣ್ಣನಾಗಿದ್ದವರು. ಗುಡ್ಡದಿಂದ ಹಿಮ ಜಾರೀತೇ, ರಸ್ತೆ ತೆರೆಯಬಹುದೇ ಎಂದು ದಿನಾ ಬೆಳಿಗ್ಗೆ ಹೇಳುವುದು ನಮ್ಮ ಮೂವರ ಕೆಲಸ. ಕಿರಿಯರಾದ ನಾವಿಬ್ಬರು ಗುಂಡಿ ತೋಡಿ ಹಿಮದ ಪದರ ನೋಡುತ್ತಿದ್ದೆವು. ಅವರು ಬೂಟಿನಿಂದ ಒದ್ದು ನೋಡಿಯೇ ಹೇಳಿಬಿಡುತ್ತಿದ್ದರು. ಸರಿಯೂ ಆಗುತ್ತಿತ್ತು, ಹಾಳಾದ್ದು.

ಹನ್ನೊಂದು ವರ್ಷದ ಹಿಂದಿನ ಮಾರ್ಚಿನಲ್ಲಿ ಅವರು "ತೆರೀರಿ" ಅಂದರು. ನನ್ನ ಗುಂಡಿಯ ತಳದಲ್ಲಿ ಸಕ್ಕರೆಯಂಥ ಸಡಿಲ ಪದರವಿತ್ತು, ಮೇಲಿನ ಹಿಮ ಜಾರುವ ಲಕ್ಷಣ.

"ಬುರುಲ್ಚಾ, ನೀನೇನಂತೀಯ?"

"ನೀವು ಹೇಳಿದ್ ಮೇಲೆ ಇನ್ನೇನಿದೆ ಬೈಕೆ" ಅಂದೆ. ಠಾಣೆಯ ಪುಸ್ತಕದಲ್ಲಿ ಆ ಪದರದ ಬಗ್ಗೆ ಬರೆದದ್ದನ್ನೂ ಅಳಿಸಿದೆ. ಅದೇ ಮಧ್ಯಾಹ್ನ, ಲಾರಿ ಓಡಿಸುವ ಶೈಲೋಬೆಕ್ ಘಾಟಿಯಲ್ಲಿ ಹಿಮದಡಿ ಸಿಕ್ಕಿ ಸತ್ತ.

ಅವನ ನಲವತ್ತನೇ ದಿನದ ಊಟ ಮುಗಿಸಿ ಬಂದ ಬೈಕೆ ಹೊಸ ಕಟ್ಟಳೆ ಮಾಡಿದರು. "ಒಬ್ಬೊಬ್ರಿಗೂ ಬೇರೆ ಗುಂಡಿ. ಮಾತಾಡ್ಕೊಳ್ಳೋ ಹಾಗಿಲ್ಲ. ಚೀಟಿ ಬರ್ದು ಚಹಾ ಬಟ್ಟಲು ಬೋರಲು ಹಾಕಿ ಅದರಡಿ ಇಡಿ. ಚಿಕ್ಕವರದ್ದು ಮೊದಲು ಎತ್ತೋದು. ಒಂದ್ರಲ್ಲಿ 'ಮುಚ್ಚಿ' ಅಂತಿದ್ರೂ ಸಾಕು, ರಸ್ತೆ ಮುಚ್ಚೋದೇ."

"ಏನಜ್ಜ, ಈಗ ಬಟ್ಟಲು ಕೇಳಿ ಶಾಸ್ತ್ರ ಹೇಳ್ತೀರಾ?" ಎಂದು ಡ್ರೈವರುಗಳು ಅಣಕಿಸಿದರು.

"ಶಾಸ್ತ್ರ ಹೇಳ್ತಿದ್ದದ್ದು ಮೊದಲು ಕಣ್ರೋ."

ಎಷ್ಟೋ ಸಲ ರಸ್ತೆ ಸುಮ್ಮನೆ ಮುಚ್ಚಿ ಬೈಸಿಕೊಂಡೆವು. ಆಮೇಲೆ ಯಾರೂ ಸಾಯಲಿಲ್ಲ. ಊರು ಹೊಗಳಿದಾಗಲೆಲ್ಲ ನನಗೆ ನೆಲ ಬಿರಿಯಬಾರದೇ ಅನ್ನಿಸುತ್ತಿತ್ತು.

ಅವರು ನಿವೃತ್ತರಾಗಿ ಘಾಟಿ ಇಳಿಯುವ ದಿನ ಜೀಪಿನಲ್ಲಿ ಎಲ್ಲ ಹೇಳಿದೆ.

"ಗೊತ್ತು. ಅಳಿಸಿದ ಗುರುತು ಅವತ್ತು ಸಂಜೆಯೇ ನೋಡ್ದೆ."

"ಮತ್ಯಾಕೆ ಬೈಲಿಲ್ಲ?"

"ಬೈದ್ರೆ ಅರ್ಧ ತಪ್ಪು ನಿನ್ ತಲೆಗೆ ಕಟ್ಟಿ ಹಗುರ ಆಗ್ತಿದ್ದೆ. ನಿನ್ ಬಾಯಿ ಕಟ್ಟಿದ್ದು ನಾನು." ಆಮೇಲೆ ಕೇಳಿದರು: "ಸೊನುನ್‌ಗೆ ಹೇಳಿದೀಯಾ?"

"ಇಲ್ಲ."

"ನಾನೂ ಇಲ್ಲ."

ಸೊನುನ್ ಶೈಲೋಬೆಕ್‌ನ ಹೆಂಡತಿ. ಘಾಟಿಯ ಬುಡದಲ್ಲಿ ರೊಟ್ಟಿ ಸುಟ್ಟು ಮಾರುತ್ತಾಳೆ. ಎಲ್ಲ ದೇವರ ಇಚ್ಛೆ ಎಂದು ನಂಬಿ, ಹನ್ನೊಂದು ವರ್ಷದಿಂದ ನಮಗೆ ಬಿಸಿರೊಟ್ಟಿ ಕೊಡುತ್ತಿದ್ದಾಳೆ. ನಾಚಿಕೆಯಿಲ್ಲದೆ ತಿಂದಿದ್ದೇನೆ.

ಅಂದೂ ಜೀಪು ನಿಂತದ್ದೇ ಒಳಗೆ ಕರೆದು ಕೂರಿಸಿ, ಬಟ್ಟಲುಗಳನ್ನಿಟ್ಟು, ಚಹಾದ ಕೆಟಲ್ ಎತ್ತಿದಳು. ಬೈಕೆ ತಮ್ಮ ಬಟ್ಟಲನ್ನು ಬೋರಲು ಹಾಕಿ ನನ್ನ ಕಡೆ ನೋಡಿದರು. ಇಬ್ಬರಲ್ಲಿ ಚಿಕ್ಕವಳು ನಾನೇ.